ಪರೀಕ್ಷಿಸಿ ನೋಡಿದರೆ ಪವಿತ್ರಾತ್ಮನಿಗೆ ದುಃಖವಾಗುತ್ತದಾ?

ಪ್ರಶ್ನೆ: ನಾನು ಚಿಕ್ಕಂದಿನಿಂದ ಸಭೆಗೆ ಹೋಗುವವಳು. ಕೆಲವು ತಿಂಗಳ ಹಿಂದೆ ಗೆಳತಿಯೊಬ್ಬಳು ನನ್ನನ್ನು ಒಂದು ಆನ್‌ಲೈನ್ ಪ್ರಾರ್ಥನಾ ಗುಂಪಿಗೆ ಸೇರಿಸಿದಳು. ಅದನ್ನು ನಡೆಸುವವರು ಪ್ರವಾದಿ ಅಂತ ಹೇಳಿಕೊಳ್ಳುತ್ತಾರೆ. ಮೊದಲನೇ ವಿಡಿಯೊ ಕಾಲ್‌ನಲ್ಲೇ ನನ್ನ ಅಮ್ಮನ ಕಾಯಿಲೆ, ನಾನು ಕಳೆದುಕೊಂಡ ಮಗು, ಎಲ್ಲವನ್ನೂ ಹೇಳಿಬಿಟ್ಟರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ 'ಬೀಜ ಬಿತ್ತಬೇಕು' ಅಂದರು. ಎರಡು ಸಲ ಹಣ ಕಳಿಸಿದ್ದೇನೆ. ಈಗ ಅದಕ್ಕಿಂತ ದೊಡ್ಡ ಮೊತ್ತ ಕೇಳುತ್ತಿದ್ದಾರೆ, ಈ ವಾರದೊಳಗೇ ಕೊಡಬೇಕಂತೆ. ಗಂಡನಿಗೆ, ಪಾಸ್ಟರ್‌ಗೆ ಹೇಳಬಾರದಂತೆ. ಹೇಳಿದರೆ ಅವರ ಅವಿಶ್ವಾಸ ಆಶೀರ್ವಾದವನ್ನು ತಡೆಯುತ್ತದಂತೆ. ಅಮ್ಮನ ಮಾತ್ರೆ ನಿಲ್ಲಿಸಿದರೆ ಮಾತ್ರ ನಂಬಿಕೆ ಪೂರ್ತಿಯಾಗುತ್ತದೆ ಎಂದೂ ಹೇಳಿದ್ದಾರೆ. ನನಗೆ ಒಳಗೊಳಗೇ ಅನುಮಾನ. ಆದರೆ ಅನುಮಾನಪಟ್ಟರೆ ಪವಿತ್ರಾತ್ಮನನ್ನು ದುಃಖಪಡಿಸಿದ ಹಾಗೆ ಅಲ್ವಾ? ದೇವರ ಅಭಿಷಿಕ್ತರನ್ನು ಪ್ರಶ್ನಿಸಿ ಶಾಪಕ್ಕೆ ಗುರಿಯಾಗುತ್ತೇನೇನೋ ಎಂಬ ಭಯ. ಇದು ಮೋಸವೇ ಆಗಿದ್ದರೆ ನನ್ನ ಗೆಳತಿಗೆ ಹೇಗೆ ಹೇಳಲಿ? ಅವಳು ಇನ್ನೂ ಪೂರ್ತಿ ನಂಬಿದ್ದಾಳೆ.

ಉತ್ತರ: ಸಹೋದರಿ, ಮೊದಲು ಮಾತ್ರೆಯ ವಿಷಯ. ಅಮ್ಮನ ಮಾತ್ರೆ ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ದಿನ ತಪ್ಪಿದೆ ಎಂದು ನಿಜ ಹೇಳಿ, ಅವರು ಹೇಳಿದ ಹಾಗೆ ಮತ್ತೆ ಶುರುಮಾಡಿ. ಕೆಲವು ಔಷಧಿಗಳನ್ನು ನಿಲ್ಲಿಸುವುದಕ್ಕೂ ಮತ್ತೆ ಶುರುಮಾಡುವುದಕ್ಕೂ ಕ್ರಮ ಇರುತ್ತದೆ. ಹೊಟ್ಟೆಯ ತೊಂದರೆಗೂ ಆಗಾಗ ಬರುವ ಅಸ್ವಸ್ಥತೆಗೂ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಅಪೊಸ್ತಲ ಪೌಲನೇ ತನ್ನ ಶಿಷ್ಯ ತಿಮೊಥೆಯನಿಗೆ ಬರೆದಿದ್ದಾನೆ. ಪೌಲನ ಜೊತೆಗಿದ್ದ ಲೂಕ ವೈದ್ಯ. ಮಾತ್ರೆ ನುಂಗಿದರೆ ನಂಬಿಕೆ ಕಡಿಮೆಯಾಗುತ್ತದೆ ಎನ್ನುವ ಮಾತು ಅಪೊಸ್ತಲರ ಬಾಯಿಂದ ಬಂದದ್ದಲ್ಲ.

ಎರಡನೆಯದು, ಮೂರನೇ ಸಲದ ಹಣ ಕಳಿಸಬೇಡಿ. ಯಾಕೆ ಅನ್ನುವುದನ್ನು ಕೆಳಗೆ ಹೇಳುತ್ತೇನೆ. ಓದಿ ಮುಗಿಸುವಷ್ಟು ಹೊತ್ತು ಹಣ ನಿಮ್ಮ ಹತ್ತಿರವೇ ಇರಲಿ.

ಈಗ ನಿಮ್ಮ ಭಯಕ್ಕೆ ಬರುತ್ತೇನೆ. ಪರೀಕ್ಷಿಸಿದರೆ ಪವಿತ್ರಾತ್ಮನಿಗೆ ದುಃಖವಾಗುತ್ತದೆ ಎಂದು ನಿಮಗೆ ಕಲಿಸಿದ್ದಾರೆ. ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯ ತೆಗೆಯಿರಿ. ಪವಿತ್ರಾತ್ಮನನ್ನು ನಂದಿಸಬೇಡಿ ಅನ್ನುತ್ತಾನೆ. ಪ್ರವಾದನೆಗಳನ್ನು ಕೀಳಾಗಿ ನೋಡಬೇಡಿ ಅನ್ನುತ್ತಾನೆ. ಅದೇ ಉಸಿರಿನಲ್ಲಿ, ಎಲ್ಲವನ್ನೂ ಪರಿಶೋಧಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ ಅನ್ನುತ್ತಾನೆ. ಮೂರೂ ಮಾತು ಒಟ್ಟಿಗೆ ಬಂದಿವೆ. ಆತ್ಮನನ್ನು ಗೌರವಿಸುವ ರೀತಿಯೇ ಪರಿಶೋಧನೆ ಎಂದು ಪೌಲ ತಿಳಿದಿದ್ದ. ಬೆರೋಯ ಎಂಬ ಊರಿನವರು ಅವನ ಉಪದೇಶ ಕೇಳಿ ಮನೆಗೆ ಹೋಗಿ, ಈತ ಹೇಳಿದ್ದು ಹೌದಾ ಎಂದು ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರಂತೆ. ಅಪೊಸ್ತಲರ ಕೃತ್ಯಗಳಲ್ಲಿ ಲೂಕ ಅವರನ್ನು ಅನುಮಾನದ ಪಿಶಾಚಿಗಳು ಎಂದು ಬರೆಯಲಿಲ್ಲ, ಸದ್ಗುಣವುಳ್ಳವರು ಎಂದು ಹೊಗಳಿದ್ದಾನೆ. ಅವರು ಪರೀಕ್ಷಿಸಿದ್ದು ಯಾರನ್ನು? ಸಾಕ್ಷಾತ್ ಪೌಲನನ್ನು! ನಿಮ್ಮ ವಿಡಿಯೊ ಕಾಲ್‌ನವರು ಪೌಲನಿಗಿಂತ ದೊಡ್ಡವರೇನಲ್ಲ.

'ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ' ಎಂಬ ವಾಕ್ಯವನ್ನು ನಿಮಗೆ ತೋರಿಸಿರುತ್ತಾರೆ ಅನಿಸುತ್ತದೆ. ಇಂಥ ಗುಂಪುಗಳಲ್ಲಿ ಅದು ಬಾಯಿಗೆ ಬೀಗ ಹಾಕುವ ವಾಕ್ಯ. ಅದು ಇರುವುದು 105ನೇ ಕೀರ್ತನೆಯಲ್ಲಿ. ಹಿಂದಿನ ನಾಲ್ಕೈದು ವಾಕ್ಯ ಸೇರಿಸಿ ಓದಿ ನೋಡಿ. ಅಬ್ರಹಾಮ, ಇಸಾಕ, ಯಾಕೋಬರು ನೆಲವಿಲ್ಲದೆ, ಸಂಖ್ಯೆಯಲ್ಲಿ ಕೊಂಚವೇ ಮಂದಿಯಾಗಿ, ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಕಾಲದ ಮಾತು ಅದು. ಬಲವುಳ್ಳ ರಾಜರು ಆ ಅಲೆಮಾರಿಗಳಿಗೆ ಕೇಡು ಮಾಡದಂತೆ ದೇವರು ಗದರಿಸಿದ್ದು. ಲೆಕ್ಕ ಕೇಳುವ ಬಡ ಹೆಣ್ಣುಮಗಳ ಬಾಯಿ ಮುಚ್ಚಿಸಲು ಹೇಳಿದ್ದಲ್ಲ. ದಾವೀದ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅಭಿಷಿಕ್ತ ಅರಸ ಸೌಲನ ಮೇಲೆ ಕೈ ಮಾಡಲಿಲ್ಲ, ನಿಜ. ಆದರೆ ಗುಹೆಯಿಂದ ಹೊರಗೆ ಬಂದು, ಎಲ್ಲರ ಎದುರಿಗೇ, ನೀನು ನನಗೆ ಮಾಡುತ್ತಿರುವುದು ಅನ್ಯಾಯ ಎಂದು ಕೂಗಿ ಹೇಳಿದ. ಅದೇ ದಾವೀದ ರಾಜನಾಗಿ ತಪ್ಪು ಮಾಡಿದಾಗ ಪ್ರವಾದಿ ನಾತಾನ ಬಂದು 'ಆ ಮನುಷ್ಯ ನೀನೇ' ಎಂದ. ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನೇ ಮುಖಾಮುಖಿ ಎದುರಿಸಿದ. ಪ್ರಶ್ನೆ ಕೇಳಿದ್ದಕ್ಕೆ ಇವರಲ್ಲಿ ಯಾರಿಗೂ ಶಾಪ ತಟ್ಟಲಿಲ್ಲ.

ಇನ್ನು ನಿಮ್ಮನ್ನು ನಿಜವಾಗಿ ಕಟ್ಟಿಹಾಕಿರುವ ವಿಷಯ. ಅವರಿಗೆ ನಿಮ್ಮ ಮಗುವಿನ ವಿಷಯ ಹೇಗೆ ಗೊತ್ತಾಯಿತು?

ಒಂದು ಸಾಧಾರಣ ದಾರಿ ಇದೆ. ಗೆಳತಿ ನಿಮ್ಮನ್ನು ಗುಂಪಿಗೆ ಸೇರಿಸುವ ಮೊದಲು ನಿಮಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡಿದ್ದಳಾ? ಕೇಳಿ ನೋಡಿ. ಒಳ್ಳೆಯ ಮನಸ್ಸಿನಿಂದಲೇ 'ಇವಳ ತಾಯಿಗೆ ಹುಷಾರಿಲ್ಲ, ಇವಳು ಮಗು ಕಳೆದುಕೊಂಡಿದ್ದಾಳೆ' ಎಂದು ಬರೆದಿರಬಹುದು. ನೀವೇ ಯಾವತ್ತೋ ಫೇಸ್‌ಬುಕ್‌ನಲ್ಲಿ ಬರೆದಿರಬಹುದು. 1986ರಲ್ಲಿ ಅಮೆರಿಕದಲ್ಲಿ ಪೀಟರ್ ಪೋಪಾಫ್ ಎಂಬ ಟಿವಿ ಬೋಧಕ ದೊಡ್ಡ ಸಭೆಗಳಲ್ಲಿ ಜನರ ಹೆಸರು, ಕಾಯಿಲೆ, ಮನೆಯ ವಿಳಾಸ ಸಮೇತ ಹೇಳುತ್ತಿದ್ದ. ಜನ ಕಣ್ಣೀರು ಹಾಕುತ್ತಿದ್ದರು. ಮೋಸ ಬಯಲು ಮಾಡುವುದರಲ್ಲಿ ಪಳಗಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ತನ್ನ ಜೊತೆಗಾರರೊಂದಿಗೆ ರೇಡಿಯೊ ಸ್ಕ್ಯಾನರ್ ತೆಗೆದುಕೊಂಡು ಹೋದ. 39.17 ಮೆಗಾಹರ್ಟ್ಸ್‌ನಲ್ಲಿ ಒಂದು ಹೆಣ್ಣಿನ ಧ್ವನಿ ಸಿಕ್ಕಿತು. ಪೋಪಾಫ್‌ನ ಹೆಂಡತಿ ಹೊರಗೆ ಕುಳಿತು, ಸಭೆಗೆ ಮುಂಚೆ ಜನ ತುಂಬಿಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಓದಿ ಹೇಳುತ್ತಿದ್ದಳು. ಗಂಡನ ಕಿವಿಯಲ್ಲಿ ಪುಟ್ಟ ಇಯರ್‌ಪೀಸ್. ಆ ಧ್ವನಿಮುದ್ರಣವನ್ನು ರ‍್ಯಾಂಡಿ ದೇಶವೆಲ್ಲ ನೋಡುವ ಟಿವಿ ಕಾರ್ಯಕ್ರಮದಲ್ಲಿ ಹಾಕಿ ತೋರಿಸಿದ. ಮರುವರ್ಷ ಪೋಪಾಫ್ ದಿವಾಳಿ ಅರ್ಜಿ ಹಾಕಿದ. ಆಗ ಚೀಟಿ ಬೇಕಿತ್ತು. ಈಗ ಜನ ತಮ್ಮ ಬದುಕನ್ನು ತಾವೇ ಬರೆದು ಹಾಕುತ್ತಾರೆ, ಚೀಟಿಯ ಕಷ್ಟವೂ ಇಲ್ಲ.

ಆದರೆ ನಾನು ಇಷ್ಟಕ್ಕೇ ನಿಲ್ಲಿಸುವುದಿಲ್ಲ. 'ಇಲ್ಲ, ಆ ವಿಷಯ ಯಾರಿಗೂ ಗೊತ್ತಿರಲಿಲ್ಲ' ಎಂದು ನೀವು ಹೇಳಬಹುದು. ಸರಿ, ಹಾಗೇ ಇಟ್ಟುಕೊಳ್ಳೋಣ. ನಿಜಕ್ಕೂ ಮನುಷ್ಯರಿಗೆ ಗೊತ್ತಾಗದ ವಿಷಯವನ್ನೇ ಅವರು ಹೇಳಿದರು ಅನ್ನೋಣ. ಆಗಲೂ ಅದು ದೇವರಿಂದ ಬಂತು ಎಂದು ಸಾಬೀತಾಗುವುದಿಲ್ಲ. ಬಹಳ ವಿಶ್ವಾಸಿಗಳು ಎಡವುವುದು ಇಲ್ಲೇ.

ಧರ್ಮೋಪದೇಶಕಾಂಡದಲ್ಲಿ ಸುಳ್ಳು ಪ್ರವಾದಿಯ ಬಗ್ಗೆ ಎರಡು ಪರೀಕ್ಷೆಗಳಿವೆ. ಹದಿನೆಂಟನೇ ಅಧ್ಯಾಯದ್ದು ಎಲ್ಲರಿಗೂ ಗೊತ್ತು: ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ. ಹದಿಮೂರನೇ ಅಧ್ಯಾಯವನ್ನು ಓದುವವರು ಕಡಿಮೆ. ಅಲ್ಲಿ ಪ್ರವಾದಿ ಹೇಳಿದ ಗುರುತು ನಡೆದೇ ನಡೆಯುತ್ತದೆ! ಆದರೂ ಅವನ ಮಾತಿಗೆ ಕಿವಿಗೊಡಬೇಡಿ ಎಂದು ಮೋಶೆ ಹೇಳುತ್ತಾನೆ. ಯಾಕೆಂದರೆ ಗುರುತು ತೋರಿಸಿದ ಮೇಲೆ ಅವನು ಜನರನ್ನು ದೇವರಿಂದ ಬೇರೆ ಕಡೆಗೆ ಎಳೆಯುತ್ತಾನೆ. ನೋಡಬೇಕಾದದ್ದು ಅವನು ಹೇಳಿದ್ದು ನಿಜವಾಯಿತಾ ಎಂಬುದನ್ನಷ್ಟೇ ಅಲ್ಲ, ನಿಜ ಹೇಳಿ ನಿಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾನೆ ಎಂಬುದನ್ನು.

ಫಿಲಿಪ್ಪಿಯಲ್ಲಿ ಕಣಿ ಹೇಳುವ ಒಬ್ಬ ದಾಸಿ ಹುಡುಗಿ ಪೌಲನ ಹಿಂದೆ ಬಿದ್ದಿದ್ದಳು. ಇವರು ಪರಾತ್ಪರ ದೇವರ ದಾಸರು, ರಕ್ಷಣೆಯ ದಾರಿ ಹೇಳುತ್ತಾರೆ ಎಂದು ದಿನಾ ಕೂಗುತ್ತಿದ್ದಳು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪೌಲನಿಗೆ ಪುಕ್ಕಟೆ ಪ್ರಚಾರ. ಆದರೂ ಅವನಿಗೆ ಅದು ಸಹಿಸಲಿಲ್ಲ, ಅವಳೊಳಗಿನ ಆತ್ಮವನ್ನು ಹೊರಗೆ ಹಾಕಿದ. ತಕ್ಷಣ ಸಿಟ್ಟಾದವರು ಯಾರು? ಅವಳ ಯಜಮಾನರು. ಅವಳ ಕಣಿಯಿಂದ ಅವರಿಗೆ ಒಳ್ಳೇ ಲಾಭ ಬರುತ್ತಿತ್ತು. ಮಾತು ನಿಜ, ಮೂಲ ಬೇರೆ, ದುಡ್ಡು ಯಾರದೋ ಜೇಬಿಗೆ. ನಿಮ್ಮ ವಿಷಯದಲ್ಲೂ ಈ ಮೂರನ್ನು ಬಿಡಿಸಿ ನೋಡಿ. ಅವರು ನಿಮ್ಮ ನೋವನ್ನು ಸರಿಯಾಗಿಯೇ ಹೇಳಿದರು. ಆಮೇಲೆ ಎಲ್ಲಿಗೆ ಕರೆದುಕೊಂಡು ಹೋದರು? ಗಂಡನಿಂದ ಮುಚ್ಚಿಡುವುದಕ್ಕೆ. ನಿಮ್ಮ ಪಾಸ್ಟರಿಂದ ದೂರಕ್ಕೆ. ಅಮ್ಮನ ಮಾತ್ರೆ ನಿಲ್ಲಿಸುವುದಕ್ಕೆ. ಒಂದು ಬ್ಯಾಂಕ್ ಖಾತೆಗೆ.

ನೀವು ಅತ್ತಿದ್ದು ಸುಳ್ಳಲ್ಲ. ಆ ನೋವು ನಿಮ್ಮದು, ದೇವರಿಗೆ ಗೊತ್ತಿರುವ ನೋವು. ಆದರೆ ಅಳು ಬಂತು ಅನ್ನುವುದು ಹೇಳಿದವನ ಪ್ರಾಮಾಣಿಕತೆಗೆ ಸಾಕ್ಷಿಯಾಗುವುದಿಲ್ಲ. ಜೊನಾಥನ್ ಎಡ್ವರ್ಡ್ಸ್ ಎಂಬ ಬೋಧಕ ದೊಡ್ಡ ಉಜ್ಜೀವನವೊಂದನ್ನು, ಅಂದರೆ ಜನ ಗುಂಪುಗುಂಪಾಗಿ ಭಕ್ತಿಗೆ ತಿರುಗಿದ್ದನ್ನು, ಕಣ್ಣಾರೆ ಕಂಡವನು, ಅದರ ಪರವಾಗಿ ವಾದಿಸಿದವನು. ಅವನೇ 1746ರಲ್ಲಿ ಇದರ ಬಗ್ಗೆ ಒಂದು ಪುಸ್ತಕ ಬರೆದ. ಭಾವನೆ ಉಕ್ಕಿತು, ಮೈ ನಡುಗಿತು, ತಟ್ಟನೆ ವಾಕ್ಯ ನೆನಪಾಯಿತು, ನಿರರ್ಗಳವಾಗಿ ಮಾತು ಬಂತು, ಇವುಗಳಿಂದ ಒಂದು ಅನುಭವ ದೇವರದ್ದು ಎಂದೂ ಹೇಳಲಾಗದು, ದೇವರದ್ದಲ್ಲ ಎಂದೂ ಹೇಳಲಾಗದು ಎಂಬುದು ಅವನ ವಾದ. ನೋಡಬೇಕಾದದ್ದು ಆಮೇಲಿನ ಬದುಕನ್ನು. ನನಗೆ ಇದು ಬಹಳ ಸಮಾಧಾನದ ಮಾತು ಅನಿಸುತ್ತದೆ. ನಿಮ್ಮ ಕಣ್ಣೀರನ್ನು ಅವಮಾನಿಸದೆ, ಅದರ ಮೇಲೆ ಭಾರವನ್ನೂ ಹಾಕದೆ ಬಿಡುತ್ತದೆ.

ಈಗ ಒಂದು ಕಥೆ ಹೇಳಬೇಕು. ಅರಸುಗಳು ಮೊದಲನೇ ಭಾಗದ ಹದಿಮೂರನೇ ಅಧ್ಯಾಯ. ಭಾನುವಾರದ ಪ್ರಸಂಗಗಳಲ್ಲಿ ಇದು ಬರುವುದು ಅಪರೂಪ, ಯಾಕೆಂದರೆ ಕೇಳಲು ಕಷ್ಟದ ಕಥೆ.

ಯೆಹೂದದಿಂದ ಒಬ್ಬ ದೇವರ ಮನುಷ್ಯ ಬೇತೇಲಿಗೆ ಬರುತ್ತಾನೆ. ಯಾರೊಬ್ಬಾಮ ಅರಸ ಕಟ್ಟಿಸಿದ ಯಜ್ಞವೇದಿಯ ವಿರುದ್ಧ, ಅರಸನ ಎದುರಿಗೇ ನಿಂತು ಸಾರುತ್ತಾನೆ. ಹಿಡಿಯಿರಿ ಅವನನ್ನು ಎಂದು ಚಾಚಿದ ಅರಸನ ಕೈ ಒಣಗಿ ನಿಂತುಬಿಡುತ್ತದೆ. ದೇವರ ಮನುಷ್ಯ ಪ್ರಾರ್ಥಿಸಿದ ಮೇಲೆ ಸರಿಯಾಗುತ್ತದೆ. ಅರಸ ಊಟಕ್ಕೆ ಕರೆಯುತ್ತಾನೆ, ಬಹುಮಾನ ಕೊಡುತ್ತೇನೆ ಅನ್ನುತ್ತಾನೆ. ನಿನ್ನ ಮನೆಯ ಅರ್ಧ ಕೊಟ್ಟರೂ ಬರುವುದಿಲ್ಲ ಎಂದು ಇವನು ಹೇಳುತ್ತಾನೆ. ಇಲ್ಲಿ ಉಣ್ಣಬೇಡ, ಕುಡಿಯಬೇಡ, ಬಂದ ದಾರಿಯಲ್ಲಿ ಹಿಂತಿರುಗಬೇಡ ಎಂದು ದೇವರು ಅವನಿಗೆ ಹೇಳಿರುತ್ತಾನೆ. ಅರಸನ ಬೆದರಿಕೆಗೂ ಬಗ್ಗಲಿಲ್ಲ, ಅರಸನ ದುಡ್ಡಿಗೂ ಬಗ್ಗಲಿಲ್ಲ. ಎಂಥ ಗಟ್ಟಿ ಮನುಷ್ಯ ಅಲ್ವಾ?

ಹೋಗುವ ದಾರಿಯಲ್ಲಿ ಒಂದು ಮರದ ಕೆಳಗೆ ಕುಳಿತಿರುತ್ತಾನೆ. ಬೇತೇಲಿನ ಒಬ್ಬ ಮುದಿ ಪ್ರವಾದಿ ಕತ್ತೆಗೆ ತಡಿ ಹಾಕಿಸಿಕೊಂಡು ಹುಡುಕಿಕೊಂಡು ಬರುತ್ತಾನೆ. ಬಾ, ಮನೆಗೆ ಬಂದು ಊಟ ಮಾಡು ಅನ್ನುತ್ತಾನೆ. ಇವನು ಒಪ್ಪುವುದಿಲ್ಲ. ಆಗ ಮುದುಕ ಹೇಳುತ್ತಾನೆ: ನಾನೂ ನಿನ್ನ ಹಾಗೆ ಪ್ರವಾದಿ. ನಿನ್ನನ್ನು ಕರೆದುಕೊಂಡು ಬಂದು ಊಟಕ್ಕಿಡು ಎಂದು ದೇವದೂತನೇ ನನಗೆ ಹೇಳಿದ್ದಾನೆ. ಮುಂದೆ ಸತ್ಯವೇದ ಚುಟುಕಾಗಿ ಹೇಳುತ್ತದೆ, ಅವನು ಹೇಳಿದ್ದು ಸುಳ್ಳು ಎಂದು. ದೇವರ ಮನುಷ್ಯ ಹಿಂತಿರುಗಿದ. ಉಂಡ. ಮನೆಗೆ ಹೋಗುವಾಗ ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ಸಿಂಹ ಹೆಣವನ್ನು ತಿನ್ನಲಿಲ್ಲ, ಕತ್ತೆಯನ್ನೂ ಮುಟ್ಟಲಿಲ್ಲ. ಎರಡೂ ಹೆಣದ ಪಕ್ಕ ನಿಂತಿದ್ದವು.

ಸುಳ್ಳು ಹೇಳಿದ ಮುದುಕನಿಗೆ ಏನೂ ಆಗಲಿಲ್ಲವಲ್ಲ ಎಂಬುದು ನನಗೆ ಇವತ್ತಿಗೂ ಜೀರ್ಣವಾಗುವುದಿಲ್ಲ. ಅದನ್ನು ವಿವರಿಸಿ ನುಣುಪು ಮಾಡಲು ನಾನು ಹೋಗುವುದಿಲ್ಲ. ಆದರೆ ಮೋಸ ಹೇಗೆ ಒಳಗೆ ಬಂತು ಎಂಬುದನ್ನು ಮಾತ್ರ ಗಮನಿಸಿ. ಶತ್ರುವಿನ ಬಾಯಿಂದ ಬಂದಾಗ ಅವನು ಗುರುತಿಸಿದ. ತನ್ನವನ ಬಾಯಿಂದ, ದೇವದೂತನ ಹೆಸರಲ್ಲಿ, ಹಸಿವಿನ ಹೊತ್ತಿಗೆ ಬಂದಾಗ ಗುರುತಿಸಲಿಲ್ಲ. ಅವನಿಗೆ ದೇವರು ನೇರವಾಗಿ ಹೇಳಿದ ಮಾತೊಂದಿತ್ತು. ಇನ್ನೊಬ್ಬನಿಗೆ ಹೇಳಿದ್ದಾನಂತೆ ಎಂಬ ಮಾತು ಅದಕ್ಕೆ ವಿರುದ್ಧವಾಗಿತ್ತು. ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ನಿಮಗೂ ದೇವರು ಸ್ಪಷ್ಟವಾಗಿ ಹೇಳಿದ ಮಾತುಗಳಿವೆ. ತಂದೆತಾಯಿಯನ್ನು ಸನ್ಮಾನಿಸಬೇಕು ಎಂಬುದು ಆಜ್ಞೆ. ಅಮ್ಮನ ಔಷಧಿ ನೋಡಿಕೊಳ್ಳುವುದು ಅದರೊಳಗೇ ಬಂತು. ಯಾವ ದೇವದೂತನ ಹೆಸರು ಹೇಳಿದರೂ ಆ ಆಜ್ಞೆ ರದ್ದಾಗುವುದಿಲ್ಲ. ಪೌಲ ಗಲಾತ್ಯದವರಿಗೆ ಇದನ್ನೇ ಇನ್ನೂ ಖಾರವಾಗಿ ಬರೆದ: ಪರಲೋಕದಿಂದ ಬಂದ ದೂತನೇ ಬೇರೆ ಸುವಾರ್ತೆ ಸಾರಿದರೂ ಅವನು ಶಾಪಗ್ರಸ್ತನಾಗಲಿ ಎಂದು.

ಹಾಗಾದರೆ ಪ್ರಾರ್ಥನೆ ಮಾಡಿದರೆ ಸಾಕಾ, ಮನಸ್ಸಿಗೆ ಸಮಾಧಾನ ಸಿಕ್ಕಿದರೆ ಆಯಿತಾ? ಬಹಳ ಜನ ಹಾಗೆ ಅಂದುಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ.

ಯೆಹೋಶುವನ ಒಂಬತ್ತನೇ ಅಧ್ಯಾಯದಲ್ಲಿ ಗಿಬ್ಯೋನಿನವರು ದೂರ ದೇಶದಿಂದ ಬಂದವರ ಹಾಗೆ ವೇಷ ಹಾಕಿಕೊಂಡು ಬರುತ್ತಾರೆ. ತೇಪೆ ಹಾಕಿದ ಚಪ್ಪಲಿ, ಹರಿದು ಹೊಲಿದ ದ್ರಾಕ್ಷಾರಸದ ಚರ್ಮದ ಚೀಲ, ಒಣಗಿ ಬೂಷ್ಟು ಹಿಡಿದ ರೊಟ್ಟಿ. ಇಸ್ರಾಯೇಲಿನ ಹಿರಿಯರು ಆ ರೊಟ್ಟಿಯನ್ನೆಲ್ಲ ಪರೀಕ್ಷೆ ಮಾಡಿದರು. ದೇವರನ್ನು ಮಾತ್ರ ಕೇಳಲಿಲ್ಲ. ಒಪ್ಪಂದಕ್ಕೆ ಆಣೆ ಇಟ್ಟರು. ಮೂರು ದಿನ ಕಳೆದ ಮೇಲೆ ಅವರು ಒಪ್ಪಂದ ಮಾಡಿಕೊಳ್ಳಬಾರದಿದ್ದ ನೆರೆಯವರೇ ಎಂದು ಗೊತ್ತಾಯಿತು. ಮೂರು ದಿನ ಕಾದಿದ್ದರೆ ಸಾಕಿತ್ತು.

ಇದರ ತದ್ವಿರುದ್ಧ 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆಯಿತು. ಜಾನ್ ಬೆನೆಟ್ ಎಂಬಾತ ನ್ಯೂ ಎರಾ ಎಂಬ ದತ್ತಿ ಸಂಸ್ಥೆ ನಡೆಸುತ್ತಿದ್ದ. ಹೆಸರು ಹೇಳಲು ಇಷ್ಟಪಡದ ದೊಡ್ಡ ದಾನಿಗಳು ನನ್ನ ಹಿಂದೆ ಇದ್ದಾರೆ, ನೀವು ಹಣ ಇಟ್ಟರೆ ಆರು ತಿಂಗಳಲ್ಲಿ ಅವರು ಅದನ್ನು ಎರಡು ಪಟ್ಟು ಮಾಡಿಕೊಡುತ್ತಾರೆ ಅನ್ನುತ್ತಿದ್ದ. ಕ್ರೈಸ್ತ ಕಾಲೇಜುಗಳು, ಮಿಷನ್ ಸಂಸ್ಥೆಗಳು ಹಣ ಇಟ್ಟವು. ಪ್ರಾರ್ಥನೆಗೆ ಉತ್ತರ ಸಿಕ್ಕಿತು ಎಂದು ಸ್ತೋತ್ರ ಮಾಡಿದವರಿದ್ದರು. ಮೊದಲು ಇಟ್ಟವರಿಗೆ ನಿಜಕ್ಕೂ ಎರಡು ಪಟ್ಟು ಸಿಕ್ಕಿತು ಕೂಡ, ಆಮೇಲೆ ಬಂದವರ ಹಣದಿಂದ. ಮಿಷಿಗನ್ನಿನ ಒಂದು ಪುಟ್ಟ ಕ್ರೈಸ್ತ ಕಾಲೇಜಿನಲ್ಲಿ ಆಲ್ಬರ್ಟ್ ಮೆಯರ್ ಎಂಬ ಲೆಕ್ಕಶಾಸ್ತ್ರದ ಮೇಷ್ಟ್ರಿದ್ದರು. ಕಾಲೇಜಿನ ಲೆಕ್ಕ ನೋಡುವಾಗ ಅವರಿಗೆ ಇದು ಕಣ್ಣಿಗೆ ಬಿತ್ತು. ಮೇಲಿನವರಿಗೆ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಬಿಡಲಿಲ್ಲ. ಸಂಸ್ಥೆಯ ತೆರಿಗೆ ದಾಖಲೆ ತರಿಸಿ ನೋಡಿದರು. ಅಷ್ಟೊಂದು ಹಣ ಇಟ್ಟುಕೊಂಡಿದ್ದೇವೆ ಅನ್ನುವವರ ಬಡ್ಡಿ ಆದಾಯ ತೀರಾ ಪುಡಿಗಾಸು. ಸರ್ಕಾರದ ನಿಯಂತ್ರಕರಿಗೂ ಪತ್ರಿಕೆಗೂ ವಿಷಯ ಮುಟ್ಟಿಸಿದರು. 1995ರ ಮೇ ತಿಂಗಳಲ್ಲಿ ಎಲ್ಲ ಕುಸಿಯಿತು. ಹೆಸರು ಹೇಳದ ದಾನಿಗಳು ಇರಲೇ ಇಲ್ಲ. 1997ರಲ್ಲಿ ಬೆನೆಟ್‌ಗೆ 12 ವರ್ಷ ಜೈಲಾಯಿತು.

ಯೆಹೋಶುವನ ಜನ ರೊಟ್ಟಿ ನೋಡಿದರು, ದೇವರನ್ನು ಕೇಳಲಿಲ್ಲ. ಈ ಸಂಸ್ಥೆಗಳವರು ದೇವರಿಗೆ ಸ್ತೋತ್ರ ಮಾಡಿದರು, ರೊಟ್ಟಿ ನೋಡಲಿಲ್ಲ. ಮೆಯರ್ ಅವರ ಕೆಲಸವನ್ನು ನಾನು ಆತ್ಮಗಳ ವಿವೇಚನೆಯ, ಅಂದರೆ ಯಾವುದು ದೇವರಿಂದ, ಯಾವುದು ಅಲ್ಲ ಎಂದು ಗುರುತಿಸುವ ವರದ ಸಾಲಿಗೇ ಸೇರಿಸುತ್ತೇನೆ. ಅದು ಒಳಗೆ ಝುಮ್ ಅನ್ನುವ ಅನುಭವವಾಗಿಯೇ ಬರಬೇಕಿಲ್ಲ. ಕೆಲವು ಸಲ ಕೂಡಿ ಕಳೆಯುವ ಲೆಕ್ಕವಾಗಿಯೂ ಬರುತ್ತದೆ.

ಹಣದ ವಿಷಯದಲ್ಲಿ ಆದಿಸಭೆಯವರು ನಮಗಿಂತ ಎಷ್ಟೋ ಜಾಗರೂಕರಾಗಿದ್ದರು. ದಿದಾಖೆ ಎಂಬ ಬಹಳ ಹಳೆಯ ಗ್ರಂಥವೊಂದಿದೆ. ಹೆಚ್ಚಿನ ವಿದ್ವಾಂಸರು ಅದನ್ನು ಒಂದನೇ ಶತಮಾನದ ಕೊನೆಗೋ ಎರಡನೆಯದರ ಶುರುವಿಗೋ ಸೇರಿಸುತ್ತಾರೆ. ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಊರೂರು ತಿರುಗುವ ಅಪೊಸ್ತಲರು, ಪ್ರವಾದಿಗಳು ಬಂದರೆ ಏನು ಮಾಡಬೇಕು ಎಂದು ಅದರಲ್ಲಿ ನೇರವಾಗಿ ಬರೆದಿದ್ದಾರೆ. ಬಂದವನನ್ನು ಕರ್ತನನ್ನು ಸ್ವೀಕರಿಸಿದ ಹಾಗೆ ಸ್ವೀಕರಿಸಿ. ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ಬೇಕಾಗುವ ರೊಟ್ಟಿ ಕೊಟ್ಟು ಕಳಿಸಿ. ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮನಲ್ಲಿ ತುಂಬಿದವನಂತೆ 'ನನಗೆ ಹಣ ಕೊಡಿ' ಎಂದರೆ ಕೇಳಬೇಡಿ. ಆದರೆ ಇಲ್ಲದವರಿಗೆ ಕೊಡಿ ಎಂದು ಬೇರೆಯವರಿಗಾಗಿ ಕೇಳಿದರೆ ಯಾರೂ ಅವನಿಗೆ ತೀರ್ಪು ಮಾಡಬಾರದು. ನನಗೆ ಈ ಕೊನೆಯ ಮಾತು ತುಂಬಾ ಇಷ್ಟ. ಅತಿಥಿ ಸತ್ಕಾರವನ್ನೂ ಬಿಡಲಿಲ್ಲ, ಲೆಕ್ಕವನ್ನೂ ಬಿಡಲಿಲ್ಲ.

ಪೌಲ ಯೆರೂಸಲೇಮಿನ ಬಡವರಿಗೆ ಹಣ ಕೂಡಿಸುವಾಗ ತಾನೊಬ್ಬನೇ ಮುಟ್ಟಲಿಲ್ಲ. ನೀವು ಯೋಗ್ಯರೆಂದು ಆರಿಸಿದವರ ಕೈಯಲ್ಲೇ ಕಳಿಸುತ್ತೇನೆ ಎಂದು ಕೊರಿಂಥದವರಿಗೆ ಬರೆದ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಎದುರಿಗೆ ಮಾತ್ರವಲ್ಲ ಮನುಷ್ಯರ ಎದುರಿಗೂ ಸರಿಯಾಗಿರಬೇಕು ಎಂದು ಎರಡನೇ ಪತ್ರದಲ್ಲಿ ಹೇಳಿದ. ಪೌಲನೇ ಸಾಕ್ಷಿಗಳನ್ನು ಇಟ್ಟುಕೊಂಡ. ನಿಮ್ಮ ಪ್ರವಾದಿ ಸಾಕ್ಷಿಗಳೇ ಬೇಡ ಅನ್ನುತ್ತಿದ್ದಾರೆ.

ಯಾರಿಗೂ ಹೇಳಬೇಡ ಎಂಬ ಆ ಮಾತೇ ನನಗೆ ಎಲ್ಲಕ್ಕಿಂತ ದೊಡ್ಡ ಗುರುತು. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ ಮೊದಲು ಸೈನಿಕನಾಗಿದ್ದವರು. 1521ರಲ್ಲಿ ಸ್ಪೇನಿನ ಪಾಂಪ್ಲೋನದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದು ಮಲಗಿದ್ದಾಗ ಅವರು ತಮ್ಮೊಳಗಿನ ಯೋಚನೆಗಳನ್ನು ಗಮನಿಸತೊಡಗಿದರು. ಆಮೇಲೆ ವಿವೇಚನೆಗೆ ಕೆಲವು ನಿಯಮಗಳನ್ನು ಬರೆದರು. ಅದರಲ್ಲಿ ಒಂದು ಹೀಗಿದೆ: ವೈರಿಯು ಕದ್ದು ಪ್ರೇಮ ಮಾಡುವ ಕಪಟಿಯ ಹಾಗೆ. ಒಳ್ಳೆಯ ಮನೆಯ ಹೆಣ್ಣನ್ನು ಮರುಳು ಮಾಡುವವನು ತನ್ನ ಮಾತು ಅವಳ ತಂದೆಗೋ ಗಂಡನಿಗೋ ತಿಳಿಯಬಾರದು ಎಂದು ಬಯಸುತ್ತಾನೆ. ತಿಳಿಯಿತೋ, ಅವನ ಆಟ ಮುಗಿಯಿತು. ಅದಕ್ಕೇ ಒಳಗಿನ ವಿಷಯವನ್ನು ಬಲ್ಲವರೊಬ್ಬರಿಗೆ ಹೇಳಿಬಿಡಿ ಎಂದು ಅವರ ಸಲಹೆ. ಅವರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಜಾನ್ ಕ್ಯಾಸಿಯನ್ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಿಂದ ಕೇಳಿದ ಕಥೆಯೊಂದನ್ನು ಬರೆದಿಟ್ಟಿದ್ದಾರೆ. ಹೆರೋನ್ ಎಂಬ ವೃದ್ಧ 50 ವರ್ಷ ಕಠಿಣ ಉಪವಾಸದಲ್ಲಿದ್ದವನು. ಈಸ್ಟರ್ ದಿನವೂ ಸಹೋದರರ ಜೊತೆ ಕೂತು ಊಟ ಮಾಡುತ್ತಿರಲಿಲ್ಲ. ಕೊನೆಗೆ ಬೆಳಕಿನ ದೂತನ ವೇಷದಲ್ಲಿ ಬಂದ ಸೈತಾನನನ್ನು ನಂಬಿ, ತನಗೇನೂ ಆಗುವುದಿಲ್ಲ ಎಂದು ಆಳವಾದ ಬಾವಿಗೆ ಹಾರಿದ. ಮೇಲೆತ್ತಿದರು, ಮೂರನೇ ದಿನ ಸತ್ತ. 50 ವರ್ಷದ ಭಕ್ತಿಗೆ ಏನೂ ಕೊರತೆ ಇರಲಿಲ್ಲ. ಒಬ್ಬರಿಗೆ ಬಾಯಿಬಿಟ್ಟು ಹೇಳುವ ಅಭ್ಯಾಸ ಇರಲಿಲ್ಲ.

ಗುಟ್ಟಿನ ಜೊತೆ ಅವಸರವೂ ಬಂದರೆ ಇನ್ನು ಕೇಳುವುದೇ ಬೇಡ. ಈ ವಾರದೊಳಗೆ ಯಾಕೆ? ಮುಂದಿನ ತಿಂಗಳು ದೇವರ ಕೈ ಮೊಟಕಾಗುತ್ತದಾ? ಫಲದಿಂದ ಅವರನ್ನು ತಿಳಿಯುವಿರಿ ಎಂದು ಯೇಸು ಹೇಳಿದರು. ಫಲ ಬಿಡಲು ಕಾಲ ಬೇಕು. ನಿಮಗೆ ಕಾಲ ಕೊಡದವರು ಫಲ ನೋಡಲು ಬಿಡುತ್ತಿಲ್ಲ ಎಂದೇ ಅರ್ಥ.

ಇದರ ಇನ್ನೊಂದು ರೂಪವೂ ಈಗ ಜಾಸ್ತಿಯಾಗಿದೆ, ಸುಮ್ನೆ ಹೇಳಿಬಿಡುತ್ತೇನೆ. ಪಾಸ್ಟರರ ಫೋಟೊ ಹಾಕಿ ಖಾತೆ ತೆರೆದು 'ತುರ್ತಾಗಿ ಹಣ ಬೇಕಿತ್ತು' ಎಂದು ಸಭೆಯವರಿಗೆ ಮೆಸೇಜ್ ಕಳಿಸುತ್ತಾರೆ. ಧ್ವನಿಯನ್ನೂ ನಕಲು ಮಾಡುತ್ತಾರೆ. ಪೌಲನ ಕಾಲದಲ್ಲೂ ಇದು ಇತ್ತು. ನಮ್ಮಿಂದ ಬಂತು ಎಂದು ಹೇಳುವ ಪತ್ರಕ್ಕೆ ಗಾಬರಿಯಾಗಬೇಡಿ ಎಂದು ಥೆಸಲೊನೀಕದವರಿಗೆ ಬರೆದ ಎರಡನೇ ಪತ್ರದಲ್ಲಿದೆ. ಅದೇ ಪತ್ರದ ಕೊನೆಯಲ್ಲಿ, ಈ ವಂದನೆ ನನ್ನ ಕೈಬರಹದಲ್ಲಿದೆ, ಪ್ರತಿ ಪತ್ರಕ್ಕೂ ಇದೇ ಗುರುತು, ನಾನು ಬರೆಯುವುದು ಹೀಗೆ ಎಂದು ಸೇರಿಸಿದ್ದಾನೆ. ನಮ್ಮ ಕಾಲಕ್ಕೆ ಇದರ ಅರ್ಥ ಇಷ್ಟೇ: ಮೆಸೇಜ್ ಬಂದ ನಂಬರಿಗಲ್ಲ, ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ.

ಇಷ್ಟೆಲ್ಲ ಓದಿ ನೀವು ಎಲ್ಲರನ್ನೂ ಅನುಮಾನಿಸತೊಡಗಿದರೆ ಅದೂ ನಷ್ಟವೇ. ಎಲ್ಲ ಬೋಧಕರೂ ಕಳ್ಳರು ಎಂದು ದಿನಕ್ಕೊಂದು ವಿಡಿಯೊ ಹಾಕುವವರಿದ್ದಾರೆ. ಅವರೂ ಭಯವನ್ನೇ ಮಾರುತ್ತಾರೆ, ಕೊನೆಗೆ ದೇಣಿಗೆಯ ಲಿಂಕ್ ಬೇರೆ. ಅವರನ್ನೂ ಇದೇ ರೀತಿ ಪರೀಕ್ಷಿಸಿ.

ಇನ್ನೊಂದು ಮಾತನ್ನು ಸ್ವಲ್ಪ ಹಿಂಜರಿಕೆಯಿಂದಲೇ ಹೇಳುತ್ತೇನೆ. ಮೋಸಗಾರನ ಅರ್ಧ ಕೆಲಸವನ್ನು ನಮ್ಮ ಆಸೆಯೇ ಮಾಡಿಕೊಡುತ್ತದೆ. ಅಹಾಬ ಅರಸ ಯುದ್ಧಕ್ಕೆ ಹೊರಟಾಗ ಸುಮಾರು 400 ಪ್ರವಾದಿಗಳು ಜಯ ನಿನಗೇ ಎಂದರು. ಇನ್ನೊಬ್ಬನಿದ್ದಾನೆ, ಮೀಕಾಯೆಹು, ಆದರೆ ಅವನನ್ನು ಕಂಡರೆ ನನಗಾಗದು, ಯಾವತ್ತೂ ಒಳ್ಳೆಯದು ಹೇಳುವುದಿಲ್ಲ ಎಂದ ಅರಸ. ಸತ್ಯ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ಕೇಳಲು ಮನಸ್ಸಿರಲಿಲ್ಲ. ನಿಮ್ಮ ಆಸೆ ಅಹಾಬನದಂಥದ್ದಲ್ಲ. ಅಮ್ಮ ಉಳಿಯಲಿ, ಮಡಿಲು ತುಂಬಲಿ ಎನ್ನುವುದು ತಪ್ಪಲ್ಲ. ಆದರೆ ಅದೇ ಆಸೆಯ ಮೇಲೆ ಒಬ್ಬರು ಬೆಲೆ ಕಟ್ಟಿದ್ದಾರೆ. ಅದು ಗೊತ್ತಿದ್ದರೆ ಮುಂದಿನ ಸಲ ಅದೇ ಜಾಗದಲ್ಲಿ ಯಾರಾದರೂ ಕೈಯಿಟ್ಟಾಗ ನೀವು ತಡೆದು ನಿಲ್ಲುತ್ತೀರಿ.

ಶಾಪದ ಭಯ ಬಿಡಿ. ಕಾರಣವಿಲ್ಲದ ಶಾಪ ಅಲೆದಾಡುವ ಗುಬ್ಬಿಯ ಹಾಗೆ, ಬಂದು ತಟ್ಟುವುದಿಲ್ಲ ಎಂದು ಜ್ಞಾನೋಕ್ತಿ ಹೇಳುತ್ತದೆ. ಬಿಳಾಮ ಎಂಬ ಕಣಿ ಹೇಳುವವನನ್ನು ಒಬ್ಬ ಅರಸ ಕಾಸು ಕೊಡುತ್ತೇನೆ, ಇಸ್ರಾಯೇಲ್ಯರನ್ನು ಶಪಿಸು ಎಂದು ಕರೆದರೂ ದೇವರು ಶಪಿಸದವರನ್ನು ನಾನು ಹೇಗೆ ಶಪಿಸಲಿ ಎಂದು ಅವನು ಕೈಚೆಲ್ಲಬೇಕಾಯಿತು. ಕ್ರಿಸ್ತನಲ್ಲಿರುವವರಿಗೆ ಅಪರಾಧದ ತೀರ್ಪೇ ಇಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಬ್ಯಾಂಕ್ ಖಾತೆಯ ನಂಬರ್ ಕೊಟ್ಟವರ ಬಾಯಲ್ಲಿ ಬಂದ ಶಾಪ ಇದನ್ನು ದಾಟಲಾರದು.

ಈಗ ಮಾಡಬೇಕಾದದ್ದು. ಇವತ್ತು ರಾತ್ರಿ ನಿಮ್ಮ ಯಜಮಾನರಿಗೆ ಹೇಳಿ. ಎರಡು ಸಲ ಕಳಿಸಿದ ಮೊತ್ತವನ್ನೂ ಸೇರಿಸಿ ಹೇಳಿ, ಅರ್ಧ ಮುಚ್ಚಿಡಬೇಡಿ. ಬೇಜಾರಾದಾರು, ಒಂದೆರಡು ಮಾತು ಅಂದಾರು. ಒಬ್ಬರೇ ಹೊತ್ತುಕೊಂಡಿರುವುದಕ್ಕಿಂತ ಅದು ಹಗುರ. ಆಮೇಲೆ ಇಬ್ಬರೂ ಸೇರಿ ಪಾಸ್ಟರಿಗೆ ಹೇಳಿ. ಗುಂಪಿನ ಮೆಸೇಜುಗಳು, ಹಣ ಕಳಿಸಿದ ರಸೀದಿ, ಖಾತೆಯ ವಿವರ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇದನ್ನು ಗುಂಪಿನಿಂದ ಹೊರಗೆ ಬರುವ ಮುಂಚೆಯೇ ಮಾಡಿ, ಆಮೇಲೆ ಸಿಗುವುದಿಲ್ಲ. ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ವಿಶ್ವಾಸಿಗಳು ಪೊಲೀಸರ ಹತ್ತಿರ ಹೋಗಬಾರದು ಎಂದು ಯಾರಾದರೂ ಹೇಳಿದರೆ, ತನ್ನನ್ನು ಕೊಲ್ಲಲು ಸಂಚು ನಡೆದಿದೆ ಎಂದು ಗೊತ್ತಾದಾಗ ಪೌಲ ತನ್ನ ಸೋದರಳಿಯನನ್ನು ರೋಮನ್ ಸೇನಾಧಿಕಾರಿಯ ಹತ್ತಿರ ಕಳಿಸಿದ್ದನ್ನು ನೆನಪಿಸಿ. ಆ ಪ್ರವಾದಿಗೆ ವಿವರಣೆ ಕೊಡುವ ಅಗತ್ಯ ಇಲ್ಲ. ವಾದಕ್ಕಿಳಿದರೆ ಅವರು ಮತ್ತೆ ಅಳಿಸುತ್ತಾರೆ.

ಗೆಳತಿಯ ವಿಷಯ ಸ್ವಲ್ಪ ನಿಧಾನದ್ದು. ನೀನು ಮೋಸ ಹೋದೆ ಎಂದು ಶುರುಮಾಡಬೇಡಿ. ಅವಳೇ ನಿಮ್ಮನ್ನು ಸೇರಿಸಿದವಳು, ತಪ್ಪಿತಸ್ಥಳ ಹಾಗೆ ಅನಿಸಿ ಇನ್ನೂ ಗಟ್ಟಿಯಾಗಿ ಆ ಕಡೆಗೇ ಅಂಟಿಕೊಳ್ಳುತ್ತಾಳೆ. ಗುಂಪಿನಲ್ಲಿ ಎಲ್ಲರ ಎದುರು ಬರೆಯಲೂ ಬೇಡಿ, ಎದುರು ಕುಳಿತು ಮಾತಾಡಿ. ನಿಮಗೆ ಆದದ್ದನ್ನು ಮಾತ್ರ ಹೇಳಿ: ನಾನು ಇಷ್ಟು ಕಳಿಸಿದೆ, ಮನೆಯವರಿಂದ ಮುಚ್ಚಿಟ್ಟೆ, ಅಮ್ಮನ ಮಾತ್ರೆ ನಿಲ್ಲಿಸು ಅಂದರು, ಈಗ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಆಮೇಲೆ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. 'ನಿನಗೂ ಯಾರಿಗೂ ಹೇಳಬೇಡ ಅಂದಿದ್ದಾರಾ?' ಹೌದು ಎಂದಳು ಅಂದರೆ ಧರ್ಮೋಪದೇಶಕಾಂಡದ ಹದಿಮೂರನೇ ಅಧ್ಯಾಯದ ಮೊದಲ ವಾಕ್ಯಗಳನ್ನು ಇಬ್ಬರೂ ಸೇರಿ ಓದಿ. ಅವಳು ಎದ್ದು ಹೋದರೂ ಜಗಳವಾಡಬೇಡಿ. ಫೋನ್ ಮಾಡುವುದನ್ನು, ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ. ನೀವು ಕೊಡುವ ದೂರಿನಲ್ಲಿ ಅವಳ ಹೆಸರನ್ನು ಅವಳನ್ನು ಕೇಳದೆ ಬರೆಯಬೇಡಿ. ಅವಳೂ ದೂರು ಕೊಡಲು ಮನಸ್ಸು ಮಾಡಿದರೆ ಜೊತೆಗೆ ಹೋಗಿ.